ರೇಷ್ಮೆಹುಳಕ್ಕಿರುವ ರಜೆ

ದೊಡ್ಡ ಗಾಜಿನ ಬಾಗಿಲಿನ ಬಟ್ಟೆ ಅಂಗಡಿಯ ಮಾಲೀಕರೂ, ಆ ಅಂಗಡಿಗೆ ಬಟ್ಟೆ ಹೊಲಿದು ಕಳಿಸುವ ಕಾರ್ಖಾನೆಯ ಒಡೆಯರೂ, ಸಕಲ ಜೀವಿಗಳ ಮೇಲೆ ದಯೆಯುಳ್ಳವರೂ ಆದ ತಮ್ಮ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಕುರಿಗಳೂ ಕ್ಷೇಮವೆಂದು ನಂಬಿದ್ದೇನೆ. ಕುರಿಗಳನ್ನು ಯಾಕೆ ಸೇರಿಸಿದಳು ಈ ಮುದುಕಿ ಎಂದು ಹುಬ್ಬು ಏರಿಸಬೇಡಿ, ಅವುಗಳ ಸುದ್ದಿಗೆ ಆಮೇಲೆ ಬರುತ್ತೇನೆ. ನಾನು ಊರ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವಳು. ಅದರಲ್ಲೂ ಮಳೆ ಬಂದಾಗ ಶಾಲೆಯ ಸೂರು ಸೋರುತ್ತಿದ್ದರಿಂದ ಬಿಸಿಲುಗಾಲದ ಪಾಠಗಳು ಮಾತ್ರ ನನಗೆ ಬರುತ್ತವೆ. ಆದ್ದರಿಂದ ದೊಡ್ಡವರಿಗೆ ಬರೆಯುವಾಗ ಎಲ್ಲಿ ಬಗ್ಗಬೇಕು, ಎಲ್ಲಿ ನೆಟ್ಟಗೆ ನಿಲ್ಲಬೇಕು ಎಂಬುದರಲ್ಲಿ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಈ ಪತ್ರವನ್ನು ಲಕೋಟೆಯಲ್ಲಿಟ್ಟು ತಮಗೊಬ್ಬರಿಗೇ ಕಳಿಸಬಹುದಿತ್ತು. ಆದರೆ ತಮ್ಮ ಅಂಗಡಿಯ ಗೋಡೆಯ ಮೇಲೆ ‘ನಮ್ಮಲ್ಲಿ ಮುಚ್ಚುಮರೆ ಇಲ್ಲ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದೀರಿ. ಅಂಥವರಿಗೆ ಬಾಯಿ ಅಂಟಿಸಿದ ಲಕೋಟೆ ಕಳಿಸಿದರೆ ಅವಮಾನ ಮಾಡಿದ ಹಾಗಾದೀತೆಂದು ಪತ್ರಿಕೆಯವರ ಕೈಗೇ ಕೊಡುತ್ತಿದ್ದೇನೆ.

ವಿಷಯ ಇಷ್ಟು. ನನ್ನ ಮೊಮ್ಮಗಳು ನರ್ಸ್ ತರಬೇತಿ ಮುಗಿಸಿದ್ದಾಳೆ. ಬರುವ ಶನಿವಾರ ಮಧ್ಯಾಹ್ನ ಅವರ ತರಬೇತಿ ಶಾಲೆಯ ಸಭಾಂಗಣದಲ್ಲಿ ಸಮಾರಂಭವಿದೆ. ಅಲ್ಲಿ ಒಬ್ಬೊಬ್ಬ ಹುಡುಗಿಯನ್ನೂ ವೇದಿಕೆಗೆ ಕರೆಯುತ್ತಾರೆ. ಅವಳನ್ನು ಸಾಕಿ ಬೆಳೆಸಿದವರು ಯಾರೆಂದು ಅವಳೇ ಮೊದಲು ಹೇಳಿಟ್ಟಿರುತ್ತಾಳೆ. ಅವರು ಮೆಟ್ಟಿಲು ಹತ್ತಿ ಹೋಗಿ ಅವಳ ಬಿಳಿ ಅಂಗಿಯ ಮೇಲೆ, ಎದೆಯ ಎಡಗಡೆಗೆ, ಒಂದು ಸಣ್ಣ ಪದಕದ ಪಿನ್ನು ಚುಚ್ಚುತ್ತಾರೆ. ಅದು ಚುಚ್ಚಿದ ಮೇಲೇ ಅವಳು ನರ್ಸು, ಅಲ್ಲಿಯವರೆಗೆ ಬರೀ ಹುಡುಗಿ. ನಮ್ಮ ಹುಡುಗಿ ತನ್ನ ಅಮ್ಮ ಎಂದು ಹೇಳಿ ಬಂದಿದ್ದಾಳೆ. ಅಮ್ಮ ಎಂದರೆ ನನ್ನ ಸೊಸೆ. ಸೊಸೆ ಎಂದರೆ ತಮ್ಮ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವವರ ಸಾಲಿನಲ್ಲಿ ಕೂರುವ ಒಬ್ಬಳು. ಅವಳು ಅರ್ಧ ದಿನದ ರಜೆ ಕೇಳಿದಳು. ತಮ್ಮ ಮೇಲ್ವಿಚಾರಕರು, ‘ಹೊಸ ಆರ್ಡರ್ ಬಂದಿದೆ, ಅದು ಹೋಗೋವರ್ಗೂ ಯಾರೂ ಸೀಟ್ ಬಿಟ್ಟು ಅಲ್ಲಾಡೋ ಹಾಗಿಲ್ಲ. ಪಿನ್ನು ತಾನೆ? ಮನೇಲೇ ಚುಚ್ಚಿ’ ಅಂದರಂತೆ. ಇವಳು ತಲೆ ತಗ್ಗಿಸಿಕೊಂಡು ಬಂದಳು. ಎದುರು ಮಾತಾಡುವ ಖಾತೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನನ್ನದೇ ಆಗಿರುವುದರಿಂದ ಅವಳಿಗೆ ಅದರ ಅಭ್ಯಾಸವಿಲ್ಲ. ನನ್ನ ಮಗನನ್ನು ಕಳಿಸೋಣವೆಂದರೆ ಅವನು ಲಾರಿ ಓಡಿಸುವವನು, ಶನಿವಾರ ಎಲ್ಲಿರುತ್ತಾನೆಂಬುದು ಅವನ ಲಾರಿಗೇ ಗೊತ್ತಿಲ್ಲ. ಹೀಗಾಗಿ ತಾಯಿಯ ಬದಲು ನಾನು ವೇದಿಕೆ ಹತ್ತಬೇಕೆಂದು ತೀರ್ಮಾನವಾಯಿತು. ವೇದಿಕೆ ಹತ್ತಲು ನನ್ನ ಬಳಿ ಬಟ್ಟೆ ಇಲ್ಲವೆಂದು ಮರುಗಳಿಗೆಯೇ ಇನ್ನೊಂದು ತೀರ್ಮಾನವಾಯಿತು.

ನಾನು ಯಾವುದೋ ಸಂತೆಯಲ್ಲಿ ಸಿಕ್ಕಿದ್ದು ತೊಟ್ಟು ಹೋಗುತ್ತಿದ್ದೆ. ಮೊಮ್ಮಗಳು ಬಿಡಲಿಲ್ಲ. ಓದಿದ ಹುಡುಗಿ, ಅವಳಿಗೆ ಬಟ್ಟೆ ಕೊಳ್ಳುವುದೂ ಒಂದು ಪರೀಕ್ಷೆ. ‘ಅಜ್ಜಿ, ನೋಡೋಕೂ ಚೆನ್ನಾಗಿರ್ಬೇಕು, ಹೊಲಿದೋರ ಹೊಟ್ಟೇನೂ ಉರಿಸಿರ್ಬಾರ್ದು. ಅಂಥದ್ದೇ ಮಾರೋ ಅಂಗಡಿ ಇದೆ, ಬಾ’ ಎಂದು ಕೈ ಹಿಡಿದು ತಮ್ಮ ಗಾಜಿನ ಬಾಗಿಲಿಗೆ ತಂದು ನಿಲ್ಲಿಸಿದಳು. ಅಮ್ಮ ಹೊಲಿದ ಕಾಲರುಗಳು ಎಲ್ಲಿಗೆ ಹೋಗುತ್ತವೆಂದು ಅವಳಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಕಾಲರುಗಳಿಗೆ ಗೊತ್ತಿದ್ದಿರಬಹುದು.

ಮಾನ್ಯರೇ, ತಮ್ಮ ಅಂಗಡಿಯನ್ನು ಎಷ್ಟು ಹೊಗಳಿದರೂ ಸಾಲದು. ಒಳಗೆ ಕಾಲಿಟ್ಟರೆ ಯಾರೋ ಈಗಷ್ಟೇ ಮಲಗಿದ್ದಾರೆಂಬಂಥ ಸಂಗೀತ. ಒಂದು ಬಟ್ಟೆ ಇನ್ನೊಂದನ್ನು ಮುಟ್ಟದ ಹಾಗೆ, ಅಂಟುರೋಗದ ವಾರ್ಡಿನಲ್ಲಿ ಮಂಚ ಹಾಕಿದ ಹಾಗೆ, ದೂರದೂರ ನೇತುಹಾಕಿದ್ದೀರಿ. ಬಣ್ಣಗಳಂತೂ ನೆಲ ಒರೆಸಿ ಹಿಂಡಿ ಒಣಹಾಕಿದ ಬಟ್ಟೆಯದ್ದೇ. ಯಾಕಮ್ಮ ಹೀಗೆ ಎಂದು ಮಾರುವ ಹುಡುಗಿಯನ್ನು ಕೇಳಿದರೆ, ‘ಇದು ಬಣ್ಣ ಹಾಕ್ದೇ ಇರೋ ಬಣ್ಣ ಅಜ್ಜಿ, ಈಗ ಇದೇ ಫ್ಯಾಷನ್’ ಅಂದಳು. ಸುಕ್ಕು ಕಾಣುತ್ತಿದೆಯಲ್ಲ ಅಂದೆ. ‘ಸುಕ್ಕು ಸಹಜ, ಸುಕ್ಕೇ ಸೊಗಸು’ ಅಂದಳು. ಇಷ್ಟು ವರ್ಷ ನಾನು ಫ್ಯಾಷನ್ನಿನಲ್ಲಿದ್ದೆನೆಂದು ಯಾರೂ ಹೇಳಿರಲಿಲ್ಲ. ಆ ಒಂದು ಮಾತಿಗೆ ತಮಗೆ ನಾನು ಋಣಿ.

ಆ ಹುಡುಗಿ ಒಳ್ಳೆಯವಳು. ಒಂದೊಂದು ಬಟ್ಟೆ ತೆಗೆದು ತೋರಿಸುತ್ತಾ ಅದರ ಪೂರ್ವೋತ್ತರ ಹೇಳಿದಳು. ಈ ಉಣ್ಣೆಯ ಕುರಿಗಳು ಬಯಲು ಗುಡ್ಡದ ಮೇಲೆ ಬೇಕಾದ ಕಡೆ ಓಡಾಡಿಕೊಂಡಿರುತ್ತವಂತೆ, ಅವುಗಳ ಮನಸ್ಸಿಗೆ ಬೇಸರವಾಗದ ಹಾಗೆ ಮೆಲ್ಲಗೆ ಮಾತಾಡಿಸಿಯೇ ಉಣ್ಣೆ ಕತ್ತರಿಸುತ್ತಾರಂತೆ, ಕತ್ತರಿಸಿದ ದಿನ ಅವುಗಳಿಗೆ ಪೂರ್ತಿ ವಿಶ್ರಾಂತಿಯಂತೆ. ಬಟ್ಟೆ ತೊಳೆದ ನೀರನ್ನು ಮೀನು ಸುಖವಾಗಿ ಈಜುವಷ್ಟು ಶುದ್ಧ ಮಾಡಿಯೇ ಹೊರಗೆ ಬಿಡುತ್ತಾರಂತೆ. ಇನ್ನು ರೇಷ್ಮೆಯ ವಿಷಯ ಕೇಳಿ ನನ್ನ ಕಣ್ಣಲ್ಲಿ ನೀರೇ ಬಂತು. ಬೇರೆಯವರೆಲ್ಲ ಗೂಡಿನೊಳಗೆ ಹುಳ ಇರುವಾಗಲೇ ಬಿಸಿನೀರಿಗೆ ಹಾಕುತ್ತಾರೆ; ತಾವು ಹಾಗಲ್ಲ. ಹುಳದ ಕಾಲ ಬರುವವರೆಗೆ ಕಾದು, ಅದು ಗೂಡು ಕೊರೆದು, ರೆಕ್ಕೆ ಬಿಚ್ಚಿ, ತನ್ನ ಸಂಸಾರದ ಕೆಲಸಕ್ಕೆ ಹಾರಿಹೋದ ಮೇಲೆ, ಖಾಲಿ ಗೂಡನ್ನು ಮಾತ್ರ ತೆಗೆದುಕೊಳ್ಳುತ್ತೀರಂತೆ. ‘ಆರ್ಡರ್ ಎಷ್ಟೇ ಅರ್ಜೆಂಟ್ ಇದ್ರೂ ಹುಳಕ್ಕೆ ಮಾತ್ರ ನಾವು ಅವಸರ ಮಾಡಲ್ಲ ಅಜ್ಜಿ’ ಅಂದಳು ಆ ಹುಡುಗಿ. ಇದನ್ನೆಲ್ಲ ಅವಳು ನಿಂತೇ ಹೇಳಿದಳು, ಒಂದು ಕಾಲಿನ ಪಾದವನ್ನು ಚಪ್ಪಲಿಯಿಂದ ಹೊರತೆಗೆದು ಇನ್ನೊಂದು ಕಾಲಿಗೆ ಒರಗಿಸಿಕೊಂಡು. ಕೂತ್ಕೊಂಡು ಹೇಳೇ ಮಗಳೇ ಎಂದೆ. ‘ಅಯ್ಯೋ, ನಾವು ಕೂರೋ ಹಾಗಿಲ್ಲ, ಮೇಲೆ ಕ್ಯಾಮೆರಾ ಇದೆ’ ಎಂದು ಪಿಸುಗುಟ್ಟಿದಳು. ಪಕ್ಕದಲ್ಲೇ ಗಿರಾಕಿಗಳಿಗಾಗಿ ಒಂದು ಚೆಂದದ ಕುರ್ಚಿ ಇತ್ತು. ಕಡಿದ ಮರದ್ದಲ್ಲ, ವಯಸ್ಸಾಗಿ ತಾನಾಗಿಯೇ ಬಿದ್ದ ಮರದ್ದು ಎಂದು ಅದರ ಬೆನ್ನ ಮೇಲೆ ಬರೆದಿತ್ತು. ತಮ್ಮ ಆಡಳಿತದಲ್ಲಿ ಮರ ಕೂಡ ದಣಿವಾದಾಗ ಮಲಗಬಹುದೆಂದು ತಿಳಿದು ಬಹಳ ಸಂತೋಷವಾಯಿತು.

ಮೊಮ್ಮಗಳು ಆರಿಸಿಕೊಟ್ಟ ಒಂದು ನಿಲುವಂಗಿಯನ್ನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಹಾಕಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಜೇಬು ಆಳವಾಗಿತ್ತು, ಗುಂಡಿ ಹಾಕಲು ಸುಲಭವಾಗಿತ್ತು, ಕುತ್ತಿಗೆಯ ಪಟ್ಟಿ ಅಳತೆ ತೆಗೆದು ಕೂರಿಸಿದ ಹಾಗೆ ಕೂತಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನಮಸ್ಕಾರ ಹಾಕಬೇಕೆನ್ನಿಸಿತು. ‘ಈ ಬಟ್ಟೆ ಉಸಿರಾಡುತ್ತೆ ಅಜ್ಜಿ’ ಎಂದು ಹೊರಗಿನಿಂದ ಆ ಹುಡುಗಿ ಕೂಗಿದಳು. ಉಸಿರಾಡುವುದೋ ಇಲ್ಲವೋ ನೋಡೋಣವೆಂದು ತೋಳು ಎತ್ತಿದಾಗ ಕಂಕುಳ ಕೆಳಗೆ ಏನೋ ಚುಚ್ಚಿತು. ಎಳೆದು ನೋಡಿದರೆ ದಾರದಲ್ಲಿ ಕಟ್ಟಿದ ದಪ್ಪ ಕಾಗದದ ಚೀಟಿ. ಆ ಚೀಟಿಯೊಳಗೆ ನನ್ನ ಸೊಸೆ ಕೂತಿದ್ದಾಳೆ!

ಮಾನ್ಯರೇ, ನನ್ನ ಸ್ಥಿತಿ ಯೋಚಿಸಿ. ಬೆಳಿಗ್ಗೆ ಮಷೀನಿನ ಮುಂದೆ ಕೂರಲು ಓಡಿದವಳು, ಇಲ್ಲಿ ಒಂದು ದೊಡ್ಡ ಕಿಟಕಿಯ ಪಕ್ಕ, ಹೂಕುಂಡದ ನೆರಳಿನಲ್ಲಿ, ಕೈಯಲ್ಲೊಂದು ಬಟ್ಟಲು ಹಿಡಿದುಕೊಂಡು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾ ಕಾಲು ಚಾಚಿದ್ದಾಳೆ. ನನ್ನ ಬಾಯಿ ನನ್ನ ಕೈಯಲ್ಲಿ ಇರಲಿಲ್ಲ. ‘ಏನೇ, ರಜೆ ಕೊಡ್ಲಿಲ್ಲ ಅಂತ ಅಳ್ತಿದ್ಯಲ್ಲ, ಇಲ್ಲಿ ಆರಾಮಾಗಿ ಕೂತ್ಕೊಂಡು ಕಾಫಿ ಕುಡೀತಿದ್ದೀಯಾ’ ಎಂದು ಆ ಚೀಟಿಗೇ ಗದರಿಸಿಬಿಟ್ಟೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದ ಯಾರೋ ಹೆಂಗಸು ‘ಕ್ಷಮಿಸಿ, ಈಗ ಬಂದೆ’ ಎಂದು ಅರ್ಧ ಗುಂಡಿ ಹಾಕಿಕೊಂಡೇ ಹೊರಗೆ ಓಡಿದಳು.

ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಮೊಮ್ಮಗಳು ಓದಿ ಹೇಳಿದಳು. ಈ ಉಡುಪನ್ನು ಮೊದಲಿನಿಂದ ಕೊನೆಯವರೆಗೆ ಪ್ರೀತಿಯಿಂದ ಹೊಲಿದವಳು ಇವಳೇ ಎಂದಿತ್ತು. ಆಮೇಲೊಂದು ಹೂವಿನ ಹೆಸರು ಇತ್ತು. ಹೆತ್ತವರು ಇಟ್ಟ ಹೆಸರು ಬೇರೆ, ಅದು ಅಷ್ಟು ಪರಿಮಳದ್ದಲ್ಲವೆಂದು ತಾವೇ ಹೊಸದಾಗಿ ನಾಮಕರಣ ಮಾಡಿರಬೇಕು, ಸಂತೋಷ. ಇವಳು ಮುಂಜಾನೆಯ ಬೆಳಕಿನಲ್ಲಿ ತನಗೆ ಮನಸ್ಸು ಬಂದಾಗ ಹೊಲಿಯುತ್ತಾಳೆಂದೂ, ಹೊಲಿಯುವಾಗ ಹಾಡು ಗುನುಗುತ್ತಾಳೆಂದೂ, ಸಮುದ್ರವೆಂದರೆ ಇವಳಿಗೆ ಪ್ರಾಣವೆಂದೂ ಇತ್ತು. ನನ್ನ ಸೊಸೆ ಸಮುದ್ರವಿರಲಿ, ಬಚ್ಚಲಿನ ತೊಟ್ಟಿ ತುಂಬಿದರೂ ದೂರ ನಿಲ್ಲುವವಳು. ಗುನುಗುವ ವಿಷಯ ಹೇಳುವುದಾದರೆ, ಮಷೀನುಗಳ ಸದ್ದಿನಲ್ಲಿ ಕೂತು ಕೂತು ಅವಳ ಗಂಟಲು ದೊಡ್ಡದಾಗಿದೆ; ಊಟಕ್ಕೆ ಕೂತಾಗ ‘ಅತ್ತೆ, ಉಪ್ಪು’ ಎಂದರೆ ನಾನು ಏಳುವಷ್ಟರಲ್ಲಿ ಪಕ್ಕದ ಮನೆಯವರು ಉಪ್ಪು ತಂದಿರುತ್ತಾರೆ. ಪಕ್ಕದ ಅಂಗಿಯ ಚೀಟಿ ತಿರುಗಿಸಿ ನೋಡಿದೆವು. ಅಲ್ಲಿ ಬೇರೆ ಹೆಂಗಸು, ಬೇರೆ ಹೂವು, ಅದೇ ಕಿಟಕಿ, ಅದೇ ಸಮುದ್ರ. ಅದರಾಚೆಯದ್ದರಲ್ಲೂ ಸಮುದ್ರ. ತಮ್ಮ ಕಾರ್ಖಾನೆಯ ಹೆಂಗಸರೆಲ್ಲ ಒಂದೇ ಸಮುದ್ರಕ್ಕೆ ಒಟ್ಟಿಗೆ ಮನಸೋತಿರುವುದು ಅವರೊಳಗಿನ ಒಗ್ಗಟ್ಟನ್ನು ತೋರಿಸುತ್ತದೆ.

ನಾನು ಆ ನಿಲುವಂಗಿ ಬೇಡವೆಂದೆ. ಮೊಮ್ಮಗಳು ಮಾತ್ರ ತಾನಾಗಿ ಬಿದ್ದ ಮರದ ಕುರ್ಚಿಯ ಮೇಲೆ ಕುಕ್ಕರಿಸಿ, ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ‘ಅಮ್ಮನ್ನ ಇಲ್ಲಿ ನೇತುಹಾಕಿ ಬಿಟ್ಟು ಬರೋಕಾಗಲ್ಲ ಅಜ್ಜಿ’ ಅಂದಳು. ಹಾಗಾಗಿ ಕೊಂಡುಕೊಂಡು ಬಂದೆವು. ಮರುಬಳಕೆಯ ಕಾಗದದ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ದಾರ ಕಟ್ಟಿ, ನನ್ನ ಸೊಸೆಯನ್ನು ನನಗೇ ಮಾರಿದಿರಿ.

ಸಂಜೆ ಸೊಸೆ ಬಂದಳು. ನಿಲುವಂಗಿಯ ಸಮೇತ ಚೀಟಿಯನ್ನು ಅವಳ ಮುಂದೆ ಇಟ್ಟೆ. ನೋಡಿದಳು, ನಾಚಿಕೊಂಡಳು, ಆಮೇಲೆ ಚಪ್ಪಲಿ ಬಿಡುತ್ತಾ ಹೇಳಿದಳು: ‘ಓ, ಇದಾ? ಒಂದಿನ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಮೇಲೆ ಸಾಹೇಬ್ರ ರೂಮಿಗೆ ಕರ್ಕೊಂಡ್ ಹೋದ್ರು ಅತ್ತೆ. ಕಿಟಕಿ ಇರೋದು ಅಲ್ಲೊಂದೇ. ಬಟ್ಟಲು ಖಾಲಿ ಇತ್ತು, ಕುಡಿಯೋ ಹಾಗೆ ಮಾಡಿ ಅಂದ್ರು. ಮೇಲಂಗಿ ಹಾಕ್ಸಿದ್ರು, ಫೋಟೋ ಆದ್ಮೇಲೆ ಬಿಚ್ಚಿಸ್ಕೊಂಡು ಮುಂದಿನೋಳಿಗೆ ಹಾಕಿದ್ರು.’ ಅದೆಲ್ಲ ಇರಲಿ, ಈ ನಗು ಎಲ್ಲಿಂದ ಬಂತೇ ಎಂದು ಕೇಳಿದೆ. ಯಾಕೆಂದರೆ ಈ ಮನೆಗೆ ಬಂದ ಮೇಲೆ ಅವಳು ಹಾಗೆ ಹಲ್ಲು ಬಿಟ್ಟಿದ್ದನ್ನು ನಾನು ಕಂಡವಳಲ್ಲ. ಹೇಳಲು ಹಿಂದೆ ಮುಂದೆ ನೋಡಿದಳು. ಫೋಟೋ ತೆಗೆಯುವವನು, ನಗು ಬರ್ತಿಲ್ಲ, ಮನೇಲಿ ನಡೆದಿದ್ದು ಏನಾದ್ರೂ ನೆನೆಸ್ಕೊಳ್ಳಿ ಅಂದನಂತೆ. ‘ಬೈಬೇಡಿ ಅತ್ತೆ. ನೀವು ಆ ಬಿಗಿ ಅಂಗಿ ಬಿಗೀನೇ ಅಲ್ಲ ಅಂತ ಹಠ ಮಾಡಿ ತೊಟ್ಟು, ತಲೆ ಒಳಗೆ ಸಿಕ್ಕಾಕ್ಕೊಂಡು, ಎರಡೂ ಕೈ ಮೇಲೆತ್ಕೊಂಡು, ಕತ್ತರಿ ತಗೊಂಡ್ಬನ್ನಿ, ಆದ್ರೆ ಯಾರೂ ಕತ್ತರಿಸ್ಬೇಡಿ ಅಂತ ಮನೆಯೆಲ್ಲ ಓಡಾಡಿದ್ರಲ್ಲ... ಅದನ್ನ ನೆನೆಸ್ಕೊಂಡೆ.’ ಮೊಮ್ಮಗಳು ನೆಲಕ್ಕೆ ಕೂತು ನಕ್ಕಳು. ಅವತ್ತು ಇವಳು ನಗಲೇ ಇಲ್ಲ ಮಾನ್ಯರೇ, ಹೆದರಿ ಅಡುಗೆಮನೆಗೆ ಹೋಗಿಬಿಟ್ಟಿದ್ದಳು. ಅವತ್ತಿನ ನಗುವನ್ನು ಇಷ್ಟು ದಿನ ಒಳಗೇ ಮಡಿಸಿಟ್ಟುಕೊಂಡು, ತಮ್ಮ ಮೇಲಿನ ಕೋಣೆಯ ಕಿಟಕಿಯ ಬಳಿ ಬಿಚ್ಚಿದ್ದಾಳೆ.

ಆದ್ದರಿಂದ ನನ್ನ ಮೊದಲ ಅಹವಾಲು: ತಮ್ಮ ಚೀಟಿಯ ಮೇಲಿರುವ ನಗು ತಮ್ಮ ಕಂಪನಿಯದ್ದಲ್ಲ, ಅದು ನಮ್ಮ ಮನೆಯದ್ದು, ಮುಖ್ಯವಾಗಿ ನನ್ನ ಎರಡು ಕೈಗಳದ್ದು ಮತ್ತು ಆ ಅಂಗಿಯದ್ದು. ಕೇಳದೆ ತೆಗೆದುಕೊಂಡಿದ್ದೀರಿ, ಹೋಗಲಿ. ಅಷ್ಟು ಅಂಗಿಗಳ ಮೇಲೆ ಕಟ್ಟಿ ಮಾರುತ್ತಿದ್ದೀರಿ, ಅದೂ ಹೋಗಲಿ. ಆದರೆ ಆ ನಗು ಒಮ್ಮೆಯಾದರೂ ಅದರ ಯಜಮಾನಿಯ ಮುಖದ ಮೇಲೆ, ಅದು ಬೇಕಾದ ಜಾಗದಲ್ಲಿ ಇರಬೇಡವೇ? ಶನಿವಾರ ಮಧ್ಯಾಹ್ನ ವೇದಿಕೆಯ ಮೇಲೆ ಅದಕ್ಕೆ ಕೆಲಸವಿದೆ. ದಯಮಾಡಿ ಅದನ್ನು ಮುಖದ ಸಮೇತ ಕಳಿಸಿಕೊಡಿ.

ಮನುಷ್ಯರಿಗೆ ರಜೆ ಕೊಡುವ ಪದ್ಧತಿ ತಮ್ಮಲ್ಲಿ ಇಲ್ಲವೆಂದಾದರೆ, ಇರುವ ಪದ್ಧತಿಯಲ್ಲೇ ದಾರಿ ಹುಡುಕಬಹುದು. ನನ್ನ ಸೊಸೆಯನ್ನು ಕುರಿಯ ಹುದ್ದೆಗೆ ಬಡ್ತಿ ಕೊಟ್ಟು ಗುಡ್ಡಕ್ಕೆ ಕಳಿಸಿ. ಅವಳು ಸಮಾಧಾನಿ, ಮೆಲ್ಲಗೆ ಮಾತಾಡಿಸಿದರೆ ಎಷ್ಟು ಬೇಕಾದರೂ ಕೊಡುತ್ತಾಳೆ. ಅದು ಬಹಳ ದೊಡ್ಡ ಹುದ್ದೆ, ಅಷ್ಟು ವರ್ಷದ ಸೇವೆ ಅವಳದ್ದಲ್ಲ ಎನ್ನುವಿರಾದರೆ ಮೀನಾಗಿಯಾದರೂ ನೇಮಿಸಿ. ನೀರಿನ ಭಯವಿದೆ, ಆದರೂ ಮಗಳಿಗಾಗಿ ಈಜಿಯಾಳು. ಅದೂ ಆಗದಿದ್ದರೆ ಒಂದು ಮಧ್ಯಾಹ್ನದ ಮಟ್ಟಿಗೆ ರೇಷ್ಮೆಹುಳವೆಂದು ಹಾಜರಿ ಹಾಕಿಕೊಳ್ಳಿ. ಹುಳಕ್ಕೆ ತಾವು ಅವಸರ ಮಾಡುವುದಿಲ್ಲ, ಅದರ ಕಾಲ ಬಂದಾಗ ಆರ್ಡರ್ ನೋಡದೆ ಬಾಗಿಲು ಬಿಡುತ್ತೀರಿ. ಇವಳದ್ದೂ ಕಾಲವೇ. ಹೆತ್ತು, ಹೊಲಿದು, ಹೊಲಿದು, ಒಂದು ಹುಡುಗಿಯನ್ನು ನರ್ಸು ಮಾಡಿ ನಿಲ್ಲಿಸಿದ್ದಾಳೆ. ಕೊನೆಯ ಪಿನ್ನು ಚುಚ್ಚುವುದೊಂದೇ ಬಾಕಿ. ಸಾಯಂಕಾಲದ ಹೊತ್ತಿಗೆ ಖಾಲಿ ಗೂಡಿಗೆ ತಾನಾಗಿಯೇ ಮರಳಿ ಬರುತ್ತಾಳೆ, ಇದು ಮಾತ್ರ ಹುಳಕ್ಕಿಂತ ತಮಗೆ ಲಾಭ.

ಇನ್ನೂ ಒಂದು ದಾರಿ ಇದೆ. ಇಷ್ಟವಾಗದಿದ್ದರೆ ಬದಲಾಯಿಸಿಕೊಡುತ್ತೇವೆ ಎಂದು ತಮ್ಮ ಪೆಟ್ಟಿಗೆಯ ಮೇಲೆ ಬರೆದಿದೆ. ನಿಲುವಂಗಿಯನ್ನು ಒಗೆದಿಲ್ಲ, ಚೀಟಿಯ ದಾರ ಕೂಡ ಬಿಚ್ಚಿಲ್ಲ. ಅದನ್ನು ತೆಗೆದುಕೊಂಡು, ಅದರ ಬದಲು ಅದನ್ನು ಹೊಲಿದವಳನ್ನು ಕೊಡಿ. ಅವಳು ಬಂದರೆ ನಾನು ವೇದಿಕೆ ಹತ್ತಬೇಕಿಲ್ಲ, ಹಳೆಯ ಬಟ್ಟೆಯಲ್ಲೇ ಹಿಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟುತ್ತೇನೆ. ಕೊಡಲಾಗದಿದ್ದರೆ ಮಾತ್ರ ನಾನು ಆ ನಿಲುವಂಗಿ ತೊಟ್ಟೇ ಮೆಟ್ಟಿಲು ಹತ್ತಬೇಕಾಗುತ್ತದೆ, ಚೀಟಿಯನ್ನು ಕೀಳದೆ, ಎದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ. ಅಲ್ಲಿ ಮೈಕು ಇರುತ್ತದೆ. ಹುಡುಗಿಯ ತಾಯಿ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಚೀಟಿ ಎತ್ತಿ ಹಿಡಿದು, ಇಗೋ ಇಲ್ಲಿದ್ದಾಳೆ, ಸಮುದ್ರ ನೋಡುತ್ತಾ ಕೂತಿದ್ದಾಳೆ ಎಂದು ತಮ್ಮ ಅಂಗಡಿಯ ಹೆಸರನ್ನೂ ಸೇರಿಸಿ ಹೇಳುತ್ತೇನೆ. ತಮಗೆ ಒಳ್ಳೆಯ ಪ್ರಚಾರವಾಗುತ್ತದೆ, ಅದಕ್ಕೆ ನಾನೇನೂ ಕೇಳುವುದಿಲ್ಲ.

ಈ ಪತ್ರ ಬರೆಯುವುದನ್ನು ಕಂಡು ಸೊಸೆ ನನ್ನ ಕೈ ಹಿಡಿದಳು. ‘ಬೇಡ ಅತ್ತೆ, ಯಾರು ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ. ನೀವೇ ಹೋಗಿ ಚುಚ್ಚಿ, ನಾನು ಮಷೀನ್ ಹತ್ರಾನೇ ಆ ಹೊತ್ತಿಗೆ ನೆನೆಸ್ಕೋತೀನಿ’ ಎಂದಳು. ಅದನ್ನು ಮಾತ್ರ ಅವಳು ಮೆಲ್ಲಗೆ ಹೇಳಿದಳು. ಪಕ್ಕದ ಮನೆಯವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಅದಕ್ಕೇ ಬರೆದು ಮುಗಿಸುತ್ತಿದ್ದೇನೆ.

ಅವಳು ಯಾರೆಂದು ತಾವು ಹುಡುಕಲು ಹೊರಟರೆ ನನ್ನಿಂದ ಸಹಾಯವಾಗದು. ಅವಳ ಹೆಸರು ನಾನು ಬರೆದಿಲ್ಲ, ತಾವು ಬರೆದಿದ್ದು ಅವಳದ್ದಲ್ಲ. ಕಾಲರ್ ಎಂದು ಮೇಲೆಲ್ಲೋ ಬರೆದೆನಲ್ಲ, ಅದು ತೋಳೂ ಇರಬಹುದು, ಜೇಬೂ ಇರಬಹುದು. ವಯಸ್ಸಾದವಳು, ಅಂಗಿಯ ಅಂಗಾಂಗಗಳು ಒಂದಕ್ಕೊಂದು ಸೇರಿಹೋಗುತ್ತವೆ.

ಕುರಿಗಳನ್ನು ಕೇಳಿದೆನೆಂದು ತಿಳಿಸಿ.

ಶನಿವಾರದವರೆಗೆ ಮಾತ್ರ ಬಾಯಿ ಬಿಗಿಹಿಡಿದಿರುವ,
ತಮ್ಮ ವಿಶ್ವಾಸಿ,
ಚೀಟಿಯೊಳಗಿನವಳ ಅತ್ತೆ

ಮರೆತ ಮಾತು: ಪತ್ರಿಕೆಗೆ ಕೊಡುವ ಮೊದಲು ತಪ್ಪು ಒಪ್ಪು ನೋಡಿಸೋಣವೆಂದು, ತಮ್ಮ ಕಾರ್ಖಾನೆಯ ವ್ಯಾನಿಗೆ ಹೆಂಗಸರು ಕಾಯುವ ಜಾಗಕ್ಕೆ ನಿನ್ನೆ ಬೆಳಿಗ್ಗೆ ಹೋಗಿ ಇದನ್ನು ಗಟ್ಟಿಯಾಗಿ ಓದಿದೆ. ಯಾರೂ ತಪ್ಪು ಹಿಡಿಯಲಿಲ್ಲ. ಸಂಜೆಗೆ ಸುದ್ದಿ ಬಂತು: ಶನಿವಾರ ಮಧ್ಯಾಹ್ನ ನನ್ನ ಮಗಳಿಗೆ ಪಿನ್ನು ಚುಚ್ಚಬೇಕು, ರಜೆ ಬೇಕು ಎಂದು ಮೇಲ್ವಿಚಾರಕರ ಮೇಜಿನ ಮುಂದೆ ನಿಂತ ಸಾಲು ಮೆಟ್ಟಿಲು ಇಳಿದು ಹೊರಬಾಗಿಲು ದಾಟಿತ್ತಂತೆ. ಅದರಲ್ಲಿ ಇನ್ನೂ ಮದುವೆಯಾಗದ ಗುಂಡಿ ಹಚ್ಚುವ ಹುಡುಗಿಯೂ ಇದ್ದಳಂತೆ, ಮೀಸೆ ಹೊತ್ತ ಇಸ್ತ್ರಿಯವನೂ ಇದ್ದನಂತೆ; ನೀನು ಹೇಗಯ್ಯಾ ತಾಯಿ ಎಂದು ಕೇಳಿದ್ದಕ್ಕೆ ‘ಹೆತ್ತೋರನ್ನಲ್ಲ ಸಾರ್, ಸಾಕಿದೋರನ್ನ ಕರೆದಿದ್ದಾರೆ’ ಎಂದನಂತೆ. ಇಷ್ಟು ಜನರಲ್ಲಿ ನಿಜವಾದ ತಾಯಿ ಯಾರೆಂದು ವಿಚಾರಣೆ ಮಾಡುತ್ತಾ ಕೂತರೆ ತಮ್ಮ ಹೊಸ ಆರ್ಡರ್ ಮುಂದಿನ ವರ್ಷಕ್ಕೆ ಹೋಗುತ್ತದೆ, ಎಲ್ಲರನ್ನೂ ಕಳಿಸಿಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಸಭಾಂಗಣದ ಕಾವಲುಗಾರನಿಗೆ ಹೆಚ್ಚಿಗೆ ಕುರ್ಚಿ ಹಾಕಿಡಲು ಹೇಳಿ ಬಂದಿದ್ದೇನೆ. ಅವು ಯಾವ ಮರದ್ದೋ ಕೇಳಲಿಲ್ಲ, ಆದರೆ ಕೂರಲು ಬಿಡುತ್ತಾರೆ.